ರೀಸ್ಲಿಂಗ್ ಬಾಟಲಿಯ ಇಸವಿ ಓದುವುದು ಹೇಗೆ?

ಜರ್ಮನಿಯ ಮೋಸೆಲ್ ಕಣಿವೆಯ ರೀಸ್ಲಿಂಗ್ ಎಂಬ ಬಿಳಿ ದ್ರಾಕ್ಷಿಯ ವೈನ್ ಕೊಳ್ಳುವಾಗ ಹೆಚ್ಚಿನವರು ಬೆಲೆ ಮಾತ್ರ ನೋಡುತ್ತಾರೆ. ಲೇಬಲ್ ಮೇಲೆ ಇನ್ನೂ ಮೂರು ವಿಷಯ ಇರುತ್ತವೆ: ಇಸವಿ, ಕೊಯ್ಲಿನ ಹೆಸರು ಮತ್ತು ಆಲ್ಕೊಹಾಲ್ ಪ್ರಮಾಣ. ಅವನ್ನು ಓದಲು ಬಂದರೆ ಮುಚ್ಚಳ ತೆಗೆಯುವ ಮೊದಲೇ ರುಚಿಯ ಅಂದಾಜು ಸಿಗುತ್ತದೆ.

ಮೊದಲು ಇಸವಿ ನೋಡಿ. ಅದು ಬಾಟಲಿಗೆ ತುಂಬಿದ ವರ್ಷವಲ್ಲ, ದ್ರಾಕ್ಷಿ ಬೆಳೆದ ವರ್ಷ. ಅಲ್ಲಿ ಬಳ್ಳಿ ಜೂನ್ ಹೊತ್ತಿಗೆ ಹೂ ಬಿಡುತ್ತದೆ. ಕೊಯ್ಲು ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್‌ನಲ್ಲಿ. ನಡುವೆ ಬಿಸಿಲು ಜಾಸ್ತಿಯಾದರೆ ಸಕ್ಕರೆ ಏರುತ್ತದೆ, ಹುಳಿ ಇಳಿಯುತ್ತದೆ. ಈ ಹುಳಿಯಲ್ಲೂ ಎರಡು ಬಗೆ. ಹಸಿರು ಸೇಬಿನಲ್ಲಿರುವ ಮ್ಯಾಲಿಕ್ ಆಮ್ಲ ಸೆಕೆಗೆ ಬೇಗ ಕಡಿಮೆಯಾಗುತ್ತದೆ. ನಮ್ಮ ಹುಣಸೆಹಣ್ಣಿನಲ್ಲಿರುವ ಟಾರ್ಟಾರಿಕ್ ಆಮ್ಲ ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ. 2003ರ ಬೇಸಿಗೆ ಯುರೋಪನ್ನು ಸುಟ್ಟಿತು; ಆ ವರ್ಷದ ಹಲವು ವೈನ್‌ಗಳಲ್ಲಿ ಹುಳಿ ಸಾಲದು. 2010ರಲ್ಲಿ ತದ್ವಿರುದ್ಧ: ಬೆಳೆ ಕಡಿಮೆ, ಹುಳಿ ವಿಪರೀತ. ನನಗೆ ಹುಳಿ ಮುಂದಿರುವ ವರ್ಷಗಳೇ ಇಷ್ಟ. ಹುಳಿ ಕಡಿಮೆಯಾದ ಬಿಳಿ ವೈನ್, ಹುಣಸೆ ಮರೆತ ಸಾರಿನಂತೆ ಸಪ್ಪೆ.

ಆಮೇಲೆ ಕೊಯ್ಲಿನ ಹೆಸರು. ಒಂದೇ ಮರದ ಮಾವಿನಕಾಯಿ ಉಪ್ಪಿನಕಾಯಿಗೂ ಆಗುತ್ತದೆ, ತಿಂಗಳು ಬಿಟ್ಟರೆ ಸೀಕರಣೆಗೂ ಆಗುತ್ತದೆ, ಅಲ್ವಾ? ಇಲ್ಲೂ ಹಾಗೇ. 'ಕಾಬಿನೆಟ್' ಅಂದರೆ ಹಗುರ. 'ಸ್ಪೇಟ್‌ಲೇಸೆ' ಅಂದರೆ ತಡವಾದ ಕೊಯ್ಲು. 'ಔಸ್‌ಲೇಸೆ' ಅಂದರೆ ಚೆನ್ನಾಗಿ ಮಾಗಿದ ಗೊಂಚಲುಗಳನ್ನೇ ಆರಿಸಿದ್ದು. ಆದರೆ ಕಾನೂನು ನೋಡುವುದು ಕ್ಯಾಲೆಂಡರನ್ನಲ್ಲ, ರಸದ ಸಕ್ಕರೆಯನ್ನು. ಅದರ ಅಳತೆ ಎಕ್ಸ್ಲೆ ಡಿಗ್ರಿ: ಒಂದು ಲೀಟರ್ ರಸ ಒಂದು ಲೀಟರ್ ನೀರಿಗಿಂತ ಎಷ್ಟು ಗ್ರಾಂ ಹೆಚ್ಚು ತೂಗುತ್ತದೆ ಎಂಬ ಲೆಕ್ಕ.

ತೋಟದಲ್ಲಿ ಹದ ನೋಡುವುದು ಹೀಗೆ. ಒಂದು ಹಣ್ಣು ಹಿಸುಕಿ, ಪುಟ್ಟ ಉಪಕರಣದ ಗಾಜಿನ ಮೇಲೆ ಎರಡು ಹನಿ ಬಿಟ್ಟು, ಬೆಳಕಿಗೆ ಹಿಡಿದು ಸಕ್ಕರೆ ಎಷ್ಟೆಂದು ಓದುತ್ತಾರೆ. ಇನ್ನೊಂದು ಹಣ್ಣನ್ನು ಬಾಯಿಗೆ ಹಾಕಿ ಸಿಪ್ಪೆ ಅಗಿಯುತ್ತಾರೆ, ಬೀಜ ಉಗುಳಿ ಅಂಗೈಯಲ್ಲಿ ನೋಡುತ್ತಾರೆ. ಬೀಜ ಹಸಿರಾಗಿದ್ದರೆ, ಸಿಪ್ಪೆ ಒಗರಾಗಿದ್ದರೆ ಇನ್ನೂ ಕಾಯಬೇಕು. ಕಾಯುವುದು ಸುಲಭವಲ್ಲ. ಒಂದು ಜೋರು ಮಳೆ ಬಂದರೆ ಗೊಂಚಲು ಕೊಳೆಯಬಹುದು.

ಮೂರನೆಯದಾಗಿ ಆಲ್ಕೊಹಾಲ್ ಪ್ರಮಾಣ ನೋಡಿ. ರೀಸ್ಲಿಂಗ್‌ನಲ್ಲಿ 8 ಪರ್ಸೆಂಟ್ ಆಸುಪಾಸು ಇದ್ದರೆ ಆಲ್ಕೊಹಾಲ್ ಆಗದ ಸಕ್ಕರೆ ಉಳಿದಿದೆ, ಸಿಹಿ ಇರುತ್ತದೆ. 12 ಇದ್ದರೆ, ಜೊತೆಗೆ 'ಟ್ರೋಕನ್' ಎಂದಿದ್ದರೆ ಸಿಹಿ ಇಲ್ಲ.

'ಐಸ್‌ವೈನ್' ಎಂದು ಕಂಡರೆ ಒಂದು ನಿಮಿಷ ನಿಲ್ಲಿ. ಅದಕ್ಕಾಗಿ ಹಣ್ಣನ್ನು ಡಿಸೆಂಬರ್, ಜನವರಿವರೆಗೂ ಬಳ್ಳಿಯಲ್ಲೇ ಬಿಡುತ್ತಾರೆ. ಚಳಿ ಮೈನಸ್ 7 ಡಿಗ್ರಿಗೆ ಇಳಿದ ರಾತ್ರಿ, ಬೆಳಕು ಹರಿಯುವ ಮುಂಚೆಯೇ ಕೊಯ್ದು, ಗಟ್ಟಿಯಾದ ಹಣ್ಣನ್ನು ಹಾಗೇ ಹಿಂಡುತ್ತಾರೆ. ನೀರು ಮಂಜುಗಡ್ಡೆಯಾಗಿ ಹಿಂದೆ ಉಳಿಯುತ್ತದೆ, ಜೇನಿನಂಥ ರಸ ಮಾತ್ರ ತೊಟ್ಟಿಕ್ಕುತ್ತದೆ. ಜನವರಿಯಲ್ಲಿ ಕೊಯ್ದರೂ ಇಸವಿ ಹಿಂದಿನ ವರ್ಷದ್ದೇ. ಜರ್ಮನಿಯ 2019ರ ಐಸ್‌ವೈನ್ ಹುಡುಕಬೇಡಿ, ಸಿಗುವುದಿಲ್ಲ. ಆ ಚಳಿಗಾಲದಲ್ಲಿ ದೇಶದ 13 ವೈನ್ ಪ್ರದೇಶಗಳಲ್ಲಿ ಒಂದರಲ್ಲೂ ಬೇಕಾದಷ್ಟು ಚಳಿ ಬೀಳಲೇ ಇಲ್ಲ.