ರಾಕ್ ಕ್ರಾಲರ್‌ಗೆ ಡಿಫರೆನ್ಷಿಯಲ್ ಲಾಕ್: ಹಿಂದೆ ಕಾಯಂ, ಮುಂದೆ ಬೇಕಾದಾಗ ಮಾತ್ರ

ಕ್ರಾಲರ್ ಎಂದರೆ ಬಂಡೆ ಏರಲೆಂದೇ ಮಾಡಿದ, ರಿಮೋಟ್‌ನಿಂದ ಓಡಿಸುವ ಪುಟ್ಟ ಮಾದರಿ ವಾಹನ. ಬಂಡೆಯ ಮೇಲೆ ಒಂದು ಚಕ್ರವನ್ನು ಗಾಳಿಗೆತ್ತಿ ನಿಂತ ಕ್ರಾಲರ್‌ನಲ್ಲಿ ಮೇಲೆದ್ದ ಚಕ್ರ ಗರಗರನೆ ತಿರುಗುತ್ತಾ, ನೆಲ ಹಿಡಿದ ಚಕ್ರ ಮಿಸುಕಾಡದೆ ಉಳಿದರೆ, ಅದು ಮೋಟಾರಿನ ದೋಷವಲ್ಲ. ಡಿಫರೆನ್ಷಿಯಲ್ ಎಂದರೆ ತಿರುವಿನಲ್ಲಿ ಎಡಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ; ಲಾಕ್ ಮಾಡಿದರೆ ಎರಡೂ ಒಂದಾಗಿ ತಿರುಗುತ್ತವೆ. ಲಾಕ್ ಇಲ್ಲದ ಡಿಫರೆನ್ಷಿಯಲ್ ಎಡಬಲ ಚಕ್ರಗಳಿಗೆ ಸಮನಾದ ಟಾರ್ಕ್ (ತಿರುಗಿಸುವ ಬಲ) ಕೊಡುತ್ತದೆ. ಗಾಳಿಯಲ್ಲಿರುವ ಚಕ್ರಕ್ಕೆ ತಡೆಯೇ ಇಲ್ಲದ ಕಾರಣ ಅದನ್ನು ತಿರುಗಿಸಲು ಬೇಕಾಗುವ ಟಾರ್ಕ್ ಅತ್ಯಲ್ಪ. ನೆಲದ ಮೇಲಿನ ಚಕ್ರಕ್ಕೂ ಸಿಗುವುದು ಅಷ್ಟೇ. ಕಾಫಿ ತೋಟದ ಜೀಪು ಮಳೆಗಾಲದಲ್ಲಿ ಒಂದು ಚಕ್ರವನ್ನು ಕೆಸರಿಗಿಳಿಸಿ ನಿಲ್ಲುವುದೂ ಇದೇ ಕಾರಣಕ್ಕೆ. 2020ರಲ್ಲಿ ಹೊಸದಾಗಿ ಬಂದ ಮಹೀಂದ್ರ ಥಾರ್‌ನ ಕೆಲವು ಮಾದರಿಗಳ ಹಿಂದಿನ ಆಕ್ಸಲ್‌ಗೆ ಮೆಕ್ಯಾನಿಕಲ್ ಲಾಕಿಂಗ್ ಡಿಫರೆನ್ಷಿಯಲ್ ಕೊಟ್ಟಿರುವುದು ಇದಕ್ಕೆ ಪರಿಹಾರವಾಗಿಯೇ.

ನನ್ನದು 1:10 ಅಳತೆಯ, ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಆಕ್ಸಲ್ ಇರುವ, ಆದರೆ ಎರಡೂ ಡಿಫರೆನ್ಷಿಯಲ್‌ಗಳು ಲಾಕ್ ಇಲ್ಲದೆ ಬಂದ ವಾಹನ. ಅದನ್ನು ಲಾಕ್ ಮಾಡಬೇಕೆಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಯೋಚಿಸಬೇಕಾಗಿ ಬಂದದ್ದು ಯಾವ ಆಕ್ಸಲ್‌ಗೆ ಯಾವ ಬಗೆಯ ಲಾಕ್ ಎಂಬುದನ್ನು. ನಾನು ಕ್ರಾಲರ್ ಓಡಿಸುವ ನೆಲ ಎರಡು ತರಹದ್ದು. ಆಲ್ದೂರಿನ ಕಡೆಯ ತೋಟಗಳ ನಡುವಿನ ಹಳ್ಳಗಳಲ್ಲಿ ಜೂನ್‌ನಿಂದಾಚೆಗೆ ಕಲ್ಲುಗಳ ಮೇಲೆಲ್ಲ ಪಾಚಿ. ಟೈರ್ ಎಲ್ಲಿ ಇಟ್ಟರೂ ಜಾರುತ್ತದೆ. ಅರಸೀಕೆರೆಯ ಕಡೆಗೆ ಹೋದರೆ ಬಿಸಿಲಿಗೆ ಕಾದ, ಉಪ್ಪುಕಾಗದದಂತೆ ತರಿಯಾದ ಒಣ ಹಾಸುಬಂಡೆ. ಅಲ್ಲಿ ಟೈರ್ ಹಿಡಿದ ಪಟ್ಟು ಬಿಡುವುದೇ ಇಲ್ಲ. ಎರಡು ಆಕ್ಸಲ್‌ಗಳಿಗೂ ಕಾಯಂ ಲಾಕ್ ಹಾಕಿದರೆ ಹಳ್ಳದಲ್ಲಿ ಬಲು ಚೆನ್ನ, ಒಣ ಬಂಡೆಯ ಮೇಲೆ ತಿರುವು ಕಷ್ಟ.

ಈ ಕಷ್ಟ ಎಷ್ಟೆಂಬುದನ್ನು ಲೆಕ್ಕದಲ್ಲೇ ನೋಡಬಹುದು. ಎಡಬಲ ಚಕ್ರಗಳ ನಡುವಿನ ಅಂತರ ಸುಮಾರು 200 ಮಿ.ಮೀ. ಎಂದಿಟ್ಟುಕೊಂಡು, ವಾಹನ 1 ಮೀಟರ್ ತ್ರಿಜ್ಯದ ವೃತ್ತದಲ್ಲಿ ಒಂದು ಸುತ್ತು ಬಂದರೆ ಹೊರಗಿನ ಚಕ್ರ ಸುಮಾರು 6.9 ಮೀಟರ್, ಒಳಗಿನದು ಸುಮಾರು 5.65 ಮೀಟರ್ ಉರುಳಬೇಕು. ಈ 1.25 ಮೀಟರಿನಷ್ಟು ವ್ಯತ್ಯಾಸ ವೃತ್ತ ದೊಡ್ಡದಾದರೂ ಚಿಕ್ಕದಾದರೂ ಬದಲಾಗುವುದಿಲ್ಲ. 120 ಮಿ.ಮೀ. ವ್ಯಾಸದ ಟೈರಿಗೆ ಅದು ಮೂರು ಸುತ್ತಿಗಿಂತ ಹೆಚ್ಚು. ಲಾಕ್ ಆದ ಆಕ್ಸಲ್‌ನಲ್ಲಿ ಆ ಮೂರು ಸುತ್ತಿನಷ್ಟನ್ನು ಟೈರ್‌ಗಳು ನೆಲಕ್ಕೆ ಉಜ್ಜಿಯೇ ತೀರಿಸಬೇಕು. ಪಾಚಿಯ ಮೇಲೆ ಸುಲಭವಾಗಿ ಉಜ್ಜಿಕೊಂಡು ಹೋಗುತ್ತವೆ. ಒಣ ಬಂಡೆಯಲ್ಲಿ ಟೈರ್ ಜಾರದೆ ಶಾಫ್ಟ್ ತಿರುಚಿಕೊಳ್ಳುತ್ತದೆ, ವಾಹನ ತಿರುಗದೆ ನೇರ ಹೋಗಲು ನೋಡುತ್ತದೆ. ಹಾಗಾಗಿ ಹಿಂದಿನ ಆಕ್ಸಲ್‌ಗೆ ಕಾಯಂ ಲಾಕ್, ಮುಂದಿನದಕ್ಕೆ ರಿಮೋಟ್‌ನಿಂದ ಹಾಕಿ ಬಿಡಬಹುದಾದ ಲಾಕ್ ಎಂದು ತೀರ್ಮಾನಿಸಿದೆ. ಕಾರ್ಖಾನೆಯಿಂದಲೇ ಇಂಥ ರಿಮೋಟ್ ಲಾಕ್‌ನೊಂದಿಗೆ 2017ರಲ್ಲಿ ಬಂದ ಟ್ರಾಕ್ಸಾಸ್ ಟಿಆರ್‌ಎಕ್ಸ್-4 ಎಂಬ ಕ್ರಾಲರ್ ಈ ವ್ಯವಸ್ಥೆಯನ್ನು ಅನೇಕರಿಗೆ ಪರಿಚಯಿಸಿದೆ.

ಲಾಕ್ ಮಾಡಲು ಅಗ್ಗದ ದಾರಿಗಳೂ ಇವೆ. ಸ್ಟಾರ್ ಪಿನಿಯನ್‌ಗಳ (ಡಿಫರೆನ್ಷಿಯಲ್‌ನೊಳಗಿನ ಸಣ್ಣ ಗೇರ್‌ಗಳು) ನಡುವೆ ಬಿಸಿ ಅಂಟು ತುಂಬುವವರಿದ್ದಾರೆ, ಎಪಾಕ್ಸಿ ಹಾಕುವವರಿದ್ದಾರೆ. ಬಿಸಿ ಅಂಟು ಸ್ವಲ್ಪ ದಿನದಲ್ಲೇ ಪುಡಿಯಾಗಿ ಬಿಟ್ಟುಕೊಳ್ಳುತ್ತದೆ. ಎಪಾಕ್ಸಿ ಹಾಕಿದರೆ ಆ ಗೇರ್‌ಗಳನ್ನು ಮತ್ತೆ ಬಳಸುವಂತಿಲ್ಲ. ತುಂಬ ಗಟ್ಟಿಯಾದ ಸಿಲಿಕೋನ್ ಪುಟ್ಟಿ ತುಂಬಿದರೆ ಅರ್ಧ ಲಾಕ್ ಆದಂತಾಗುತ್ತದೆ, ಆದರೆ ಒಂದು ಚಕ್ರ ಪೂರ್ತಿ ಮೇಲೆದ್ದಾಗ ಅದೂ ಸಾಲದು. ಆದ್ದರಿಂದ ಹಿಂದಿನ ಆಕ್ಸಲ್‌ಗೆ ಸ್ಪೂಲ್ ತರಿಸಿದೆ. ಸ್ಪೂಲ್ ಎಂದರೆ ಸ್ಟಾರ್ ಪಿನಿಯನ್‌ಗಳ ಜಾಗದಲ್ಲಿ ಕೂರುವ, ಎರಡೂ ಶಾಫ್ಟ್‌ಗಳನ್ನು ನೇರವಾಗಿ ಹಿಡಿಯುವ ಒಂದೇ ಉಕ್ಕಿನ ತುಂಡು. ಆಕ್ಸಲ್ ತಿರುಗಿಸುವ ದೊಡ್ಡ ಗೇರ್ ಆದ ಕ್ರೌನ್ ಅದರ ಮೇಲೆಯೇ ಬಿಗಿಯುತ್ತದೆ.

ಕೆಲಸದ ಕ್ರಮ ಸರಳ, ಆದರೆ ಅವಸರ ಸಲ್ಲದು. ಚಕ್ರ ಬಿಚ್ಚಿ, ಶಾಫ್ಟ್ ಎಳೆದು, ಹೌಸಿಂಗಿನ ಮುಚ್ಚಳ ತೆಗೆದೆ. ಕ್ರೌನ್ ತನ್ನನ್ನು ತಿರುಗಿಸುವ ಸಣ್ಣ ಗೇರ್ ಆದ ಪಿನಿಯನ್ನಿನ ಯಾವ ಪಕ್ಕದಲ್ಲಿತ್ತು ಎಂಬುದರ ಫೋಟೊ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ಅದು ಎದುರು ಪಕ್ಕಕ್ಕೆ ಕೂತರೆ ಆ ಆಕ್ಸಲ್ ಹಿಮ್ಮುಖವಾಗಿ ತಿರುಗುತ್ತದೆ, ಹಿಂದಿನ ಚಕ್ರಗಳು ಮುಂದಿನವುಗಳ ವಿರುದ್ಧ ಎಳೆಯುತ್ತವೆ. ಹಳೆಯ ಗ್ರೀಸನ್ನು ಪೂರ್ತಿ ಒರೆಸಿ, ಸ್ಕ್ರೂಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತೊಳೆದು ಒಣಗಿಸಿದ ಮೇಲೆಯೇ ಕ್ರೌನಿನ ಸ್ಕ್ರೂಗಳಿಗೆ ಮಧ್ಯಮ ಬಲದ ನೀಲಿ ಥ್ರೆಡ್‌ಲಾಕರ್ ಹಚ್ಚಿದೆ. ಲೋಹ ಲೋಹವನ್ನು ಕಚ್ಚುವ ಕಡೆ ಮಾತ್ರ ಅದನ್ನು ಹಚ್ಚಬೇಕು; ಪ್ಲಾಸ್ಟಿಕ್ಕಿಗೆ ತಗಲಿದರೆ ಸೀಳು ಬಿಡುವುದುಂಟು. ಹಚ್ಚಿದ ಬಳಿಕ ಒಂದು ಇಡೀ ದಿನ ಹಾಗೆಯೇ ಬಿಡಬೇಕು.

ಈ ಕೆಲಸದಲ್ಲಿ ನಾನು ಅತಿ ಹೆಚ್ಚು ಗಮನ ಕೊಟ್ಟದ್ದು ಕ್ರೌನ್ ಮತ್ತು ಪಿನಿಯನ್ನಿನ ಹಲ್ಲುಗಳ ಹೊಂದಾಣಿಕೆಗೆ. ಲಾಕ್ ಆದ ಆಕ್ಸಲ್‌ನಲ್ಲಿ ಎರಡೂ ಚಕ್ರಗಳ ಭಾರ ಒಂದೇ ಪೆಟ್ಟಿಗೆ ಇವೆರಡರ ಮೇಲೆ ಬೀಳುವುದರಿಂದ, ಪ್ಲೇ (ಸಡಿಲು) ಹೆಚ್ಚಿದ್ದರೆ ಹಲ್ಲು ಮುರಿಯುತ್ತದೆ, ಬಿಗಿ ಹೆಚ್ಚಿದ್ದರೆ ಸವೆಯುತ್ತದೆ. ಬೇರಿಂಗಿನ ಪಕ್ಕಕ್ಕೆ 0.1 ಮಿ.ಮೀ. ದಪ್ಪದ ಷಿಮ್ (ತೆಳು ಉಂಗುರ) ಒಂದೊಂದಾಗಿ ಸೇರಿಸುತ್ತಾ, ಹಲ್ಲುಗಳ ನಡುವೆ ತೆಳು ಕಾಗದದ ಪಟ್ಟಿ ಹಾಯಿಸಿ ನೋಡಿದೆ. ಕಾಗದದ ಮೇಲೆ ಹಲ್ಲಿನ ಗುರುತು ಮೂಡಬೇಕು, ಆದರೆ ಅದು ಹರಿಯಬಾರದು. ಪಿನಿಯನ್ ಬೆರಳಿನಲ್ಲಿ ತಿರುಗಿಸಿದಾಗ ಕ್ರೌನಿನ ಇಡೀ ಸುತ್ತಿನಲ್ಲಿ ಎಲ್ಲೂ ಬಿಗಿ ಸಿಗಬಾರದು. ಆಮೇಲೆ ಗ್ರೀಸ್ ಹಾಕಿ ಮುಚ್ಚಿದೆ. ಲಾಕ್ ಸರಿಯಾಗಿದೆಯೇ ಎಂದು ತಿಳಿಯಲು ಪಿನಿಯನ್ ಹಿಡಿದು ಒಂದು ಚಕ್ರ ತಿರುಗಿಸಬೇಕು: ಲಾಕ್ ಇಲ್ಲದಿದ್ದರೆ ಇನ್ನೊಂದು ಚಕ್ರ ಎದುರು ದಿಕ್ಕಿಗೆ ತಿರುಗುತ್ತದೆ, ಲಾಕ್ ಆಗಿದ್ದರೆ ಎರಡೂ ಕದಲುವುದಿಲ್ಲ.

ಮುಂದಿನ ಆಕ್ಸಲ್‌ನದು ಬೇರೆಯೇ ಕೆಲಸ. ನಾನು ಹಾಕಿದ ಕಿಟ್‌ನಲ್ಲಿ ಡಿಫರೆನ್ಷಿಯಲ್ ಕೇಸಿನ ಒಂದು ತುದಿಯಲ್ಲಿ ಹಲ್ಲುಗಳಿವೆ. ಶಾಫ್ಟಿನ ಮೇಲೆ ಜಾರುವ ಒಂದು ಕಾಲರ್ ಆ ಹಲ್ಲುಗಳಿಗೆ ಸೇರಿಕೊಂಡರೆ ಕೇಸೂ ಶಾಫ್ಟೂ ಒಂದಾಗಿ ಲಾಕ್ ಬೀಳುತ್ತದೆ. ಕಾಲರನ್ನು ಒಂದು ಫೋರ್ಕ್ ಸರಿಸುತ್ತದೆ, ಫೋರ್ಕನ್ನು ಕೇಬಲ್ ಎಳೆಯುತ್ತದೆ, ಕೇಬಲನ್ನು ಛಾಸಿಯ ಮೇಲಿರುವ ಪುಟ್ಟ ಸರ್ವೊ (ರಿಮೋಟ್ ಹೇಳಿದ ಸ್ಥಾನಕ್ಕೆ ತಿರುಗಿ ನಿಲ್ಲುವ ಸಣ್ಣ ಮೋಟಾರ್) ಎಳೆಯುತ್ತದೆ. ಆ ಸರ್ವೊಗೆ ರಿಸೀವರ್‌ನಲ್ಲಿ ಮೂರನೆಯ ಚಾನಲ್ ಬೇಕು. ಸರ್ವೊ ಕೂರಿಸಲು ಬೇಕಾದ ಅಲ್ಯುಮಿನಿಯಂ ಪಟ್ಟಿಯನ್ನು ಹಾಸನದ ಒಂದು ಲೇತ್ ಅಂಗಡಿಯಲ್ಲಿ ಅಳತೆ ಕೊಟ್ಟು ಬಗ್ಗಿಸಿಕೊಂಡೆ. ಸಸ್ಪೆನ್ಷನ್ ಪೂರ್ತಿ ಕೆಳಗಿಳಿದು, ಚಕ್ರ ಪೂರ್ತಿ ತಿರುಗಿದ್ದಾಗಲೂ ಕೇಬಲ್ ಬಿಗಿಯಾಗದಷ್ಟು ಸಡಿಲು ಬಿಟ್ಟು ಅದರ ದಾರಿಯನ್ನು ಗುರುತಿಸಬೇಕು.

ಇಲ್ಲಿ ತಿಳಿದಿರಲೇಬೇಕಾದ ವಿಷಯವೊಂದಿದೆ. ಕಾಲರಿನ ಹಲ್ಲು ಕೇಸಿನ ಹಲ್ಲಿಗೆ ಎದುರಾಗಿ ನಿಂತರೆ ಅದು ಒಳಗೆ ಹೋಗುವುದಿಲ್ಲ, ಸರ್ವೊ ಮಾತ್ರ ತಳ್ಳುತ್ತಲೇ ಇದ್ದು ಕಾದು ಸುಟ್ಟುಹೋಗುತ್ತದೆ. ಅದಕ್ಕಾಗಿ ಕೇಬಲ್ಲಿನ ನಡುವೆ ಸಣ್ಣ ಸ್ಪ್ರಿಂಗ್ ಸೇರಿಸಿದೆ; ಸರ್ವೊ ತನ್ನ ಸ್ಥಾನಕ್ಕೆ ಹೋಗಿ ನಿಲ್ಲುತ್ತದೆ, ಚಕ್ರ ಒಂದಿಷ್ಟು ಉರುಳಿ ಹಲ್ಲುಗಳು ಹೊಂದಿಕೊಂಡ ಕೂಡಲೇ ಸ್ಪ್ರಿಂಗ್ ಕಾಲರನ್ನು ಒಳಕ್ಕೆ ಸೇರಿಸುತ್ತದೆ. ರಿಮೋಟ್‌ನಲ್ಲಿ ಆ ಚಾನಲ್ಲಿನ ಎಂಡ್ ಪಾಯಿಂಟ್ (ಸರ್ವೊ ಚಲಿಸುವ ಕೊನೆಯ ಮಿತಿ) ಕೂಡ ಸರ್ವೊ ಗುನುಗದ ಮಟ್ಟಕ್ಕೆ ಇಳಿಸಬೇಕು. ಲಾಕ್ ಬಿಡಿಸುವಾಗ ಭಾರ ಬಿದ್ದಿದ್ದರೆ ಹಲ್ಲುಗಳು ಕಚ್ಚಿಕೊಂಡೇ ಇರುತ್ತವೆ. ಥ್ರಾಟಲ್ ಬಿಟ್ಟು ವಾಹನವನ್ನು ಗೇಣುದ್ದ ಹಿಂದಕ್ಕೆ ಸರಿಸಿದರೆ ಬಿಟ್ಟುಕೊಳ್ಳುತ್ತವೆ.

ಲಾಕ್ ಹಾಕಿದ ಮೇಲೆ ಸುತ್ತಲಿನ ಭಾಗಗಳನ್ನು ಹಾಗೆಯೇ ಬಿಡುವುದು ಸರಿಯಲ್ಲವೆಂಬುದು ನನ್ನ ದೃಢ ಅಭಿಪ್ರಾಯ. ಮುಂದಿನ ಚಕ್ರ ಪೂರ್ತಿ ತಿರುಗಿಸಿ ಬಂಡೆಗೆ ಆನಿಸಿದಾಗ ಶಾಫ್ಟಿನ ಜಾಯಿಂಟ್ ಮೇಲೆ ಬೀಳುವ ಒತ್ತಡಕ್ಕೆ ಪ್ಲಾಸ್ಟಿಕ್ ಅಥವಾ ಎರಕದ ಜಾಯಿಂಟ್ ತಾಳದು. ಚಕ್ರ ತಿರುಗಿದ ಕೋನದಲ್ಲೂ ಸರಾಗವಾಗಿ ಸುತ್ತುವ ಜಾಯಿಂಟ್ ಇರುವ ಉಕ್ಕಿನ ಸಿವಿಡಿ ಶಾಫ್ಟ್ ಹಾಕಿಸಿದೆ. ಸ್ಟಿಯರಿಂಗ್ ಸರ್ವೊವನ್ನು 25 ಕೆ.ಜಿ.-ಸೆಂ.ಮೀ. ಟಾರ್ಕ್ ಸಾಮರ್ಥ್ಯದ್ದಕ್ಕೆ ಬದಲಿಸಿದೆ. ಅಷ್ಟು ಬಲದ ಸರ್ವೊ ಚಕ್ರ ಸಿಕ್ಕಿಕೊಂಡಾಗ ಹಲವಾರು ಆಂಪಿಯರ್ ಎಳೆಯುವುದರಿಂದ, ಸ್ಪೀಡ್ ಕಂಟ್ರೋಲರಿನೊಳಗಿನ ಸಣ್ಣ ಬಿಇಸಿಯಿಂದಲೇ (ಬ್ಯಾಟರಿಯ ವೋಲ್ಟೇಜ್ ಇಳಿಸಿ ರಿಸೀವರ್, ಸರ್ವೊಗಳಿಗೆ ಕೊಡುವ ಭಾಗ) ನಡೆಸಿದರೆ ವೋಲ್ಟೇಜ್ ಕುಸಿದು ರಿಸೀವರ್ ಆಫ್ ಆಗಿ ವಾಹನ ಬಂಡೆಯ ನಡುವೆ ನಿಲ್ಲುತ್ತದೆ. ಪ್ರತ್ಯೇಕ ಬಿಇಸಿ ಹಾಕಿ, ಸರ್ವೊಗೆ ಹೇಳಿದ ವೋಲ್ಟೇಜ್ ಮೀರದಂತೆ ಹೊಂದಿಸುವುದು ಅಗತ್ಯ.

ಈಗ ಹಳ್ಳದಲ್ಲಿ ಎರಡೂ ಲಾಕ್ ಹಾಕಿಯೇ ಏರುತ್ತೇನೆ. ಒಣ ಬಂಡೆಯಲ್ಲಿ ಮುಂದಿನದನ್ನು ಬಿಟ್ಟಿರುತ್ತೇನೆ, ಮೆಟ್ಟಿಲಿನಂಥ ಅಂಚು ಎದುರಾದಾಗ ಮಾತ್ರ ಹಾಕಿ, ಹತ್ತಿದೊಡನೆ ಬಿಡಿಸುತ್ತೇನೆ. ಒದ್ದೆ ಹಾಸುಬಂಡೆಯ ಮೇಲೆ ಅಡ್ಡಲಾಗಿ ಸಾಗುವಾಗ ಲಾಕ್ ಆದ ಹಿಂದಿನ ಆಕ್ಸಲ್‌ನ ಎರಡೂ ಚಕ್ರಗಳು ಒಟ್ಟಿಗೇ ಜಾರಿ ಬಾಲ ಇಳಿಜಾರಿನ ಕಡೆಗೆ ಸರಿಯುತ್ತದೆ. ಅಲ್ಲಿ ಥ್ರಾಟಲ್ ಒತ್ತುವ ಬದಲು ಸಡಿಲಿಸಿ, ಮೂತಿಯನ್ನು ಸ್ವಲ್ಪ ಮೇಲ್ಮುಖವಾಗಿಟ್ಟು ನಿಧಾನವಾಗಿ ದಾಟಬೇಕು. ನೀರಿಗಿಳಿಸಿದ ದಿನ ಮನೆಗೆ ಬಂದೊಡನೆ ಎರಡೂ ಹೌಸಿಂಗ್ ಬಿಚ್ಚಿ ನೋಡುತ್ತೇನೆ. ಗ್ರೀಸ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆಯೆಂದು ಅರ್ಥ, ಬೇರಿಂಗ್ ತೊಳೆದು ಒಣಗಿಸಿ ಹೊಸ ಗ್ರೀಸ್ ತುಂಬಿದ ಮೇಲೆಯೇ ಮುಚ್ಚುತ್ತೇನೆ. ಕೇಬಲ್ಲಿನ ಕೊಳವೆಗೂ ಆಗಲೇ ಒಂದೆರಡು ಹನಿ ತೆಳು ಎಣ್ಣೆ ಬಿಡುವುದು ಒಳ್ಳೆಯದು. ಅದು ತುಕ್ಕು ಹಿಡಿದರೆ ರಿಮೋಟ್‌ನಲ್ಲಿ ಲಾಕ್ ಬಿಟ್ಟರೂ ಆಕ್ಸಲ್‌ನಲ್ಲಿ ಬಿಡುವುದಿಲ್ಲ.