ಮುಂಬಯಿಯಲ್ಲಿ ಒಪ್ಪಂದದ ಮೇಲೆ ದುಡಿಯುವ ಅರಿವಳಿಕೆ ತಜ್ಞರಿಗೊಂದು ಕೈಪಿಡಿ

ಹುಬ್ಬಳ್ಳಿ, ಬೆಳಗಾವಿ, ಮಂಗಳೂರು, ಮಣಿಪಾಲಗಳಲ್ಲಿ ಅರಿವಳಿಕೆ ಶಾಸ್ತ್ರದ ಎಂಡಿ ಅಥವಾ ಡಿಎನ್‌ಬಿ ಮುಗಿಸಿ ಮುಂಬಯಿಗೆ ಬರುವ ನಮ್ಮವರಲ್ಲಿ ಹಲವರು ಕಾಯಂ ಹುದ್ದೆಗೆ ಸೇರುವ ಮೊದಲು ಒಂದಷ್ಟು ಕಾಲ ತಾತ್ಕಾಲಿಕ ಒಪ್ಪಂದದ ಮೇಲೆ ಕೆಲಸ ಮಾಡುತ್ತಾರೆ. ಮಾಟುಂಗಾದಿಂದ ಡೊಂಬಿವಲಿಯವರೆಗೆ ಹಬ್ಬಿರುವ ಸಣ್ಣ ನರ್ಸಿಂಗ್ ಹೋಮ್‌ಗಳು ಬಹುಮಟ್ಟಿಗೆ ಹೊರಗಿನಿಂದ ಬರುವ ಅರಿವಳಿಕೆ ತಜ್ಞರನ್ನೇ ಅವಲಂಬಿಸಿರುವುದರಿಂದ ಕೆಲಸ ಸಿಗುವುದು ಕಷ್ಟವಲ್ಲ. ಕಷ್ಟವಿರುವುದು, ಇಂದು ಬಂದು ನಾಳೆ ಹೊರಡುವ ವೈದ್ಯರು ‘ಈ ಕೇಸ್ ಇವತ್ತು ಬೇಡ’ ಎಂದಾಗ ಆ ಮಾತು ಒಟಿಯಲ್ಲಿ (ಶಸ್ತ್ರಕ್ರಿಯಾ ಕೊಠಡಿಯಲ್ಲಿ) ನಿಲ್ಲುವಂತೆ ಮಾಡುವುದರಲ್ಲಿ. ಹಾಗೆ ಹೇಳುವ ಹಕ್ಕನ್ನು ಮೊದಲ ದಿನಕ್ಕೂ ಮುನ್ನವೇ ಬರವಣಿಗೆಯಲ್ಲಿ ಪಡೆದುಕೊಳ್ಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅದಕ್ಕೂ ಮೊದಲು ನೋಂದಣಿ. ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿಯೊಂದನ್ನೇ ನಂಬಿ ಇಲ್ಲಿ ಕೆಲಸಕ್ಕೆ ಇಳಿಯಬಾರದು. ಅಲ್ಲಿಂದ ನಿರಾಕ್ಷೇಪಣಾ ಪತ್ರ ತಂದು ಮಹಾರಾಷ್ಟ್ರ ವೈದ್ಯಕೀಯ ಪರಿಷತ್ತಿನಲ್ಲಿ ಹೆಸರು ಸೇರಿಸಬೇಕು, ಸ್ನಾತಕೋತ್ತರ ಪದವಿಯನ್ನೂ ಹೆಚ್ಚುವರಿ ಅರ್ಹತೆಯಾಗಿ ದಾಖಲಿಸಬೇಕು. ಇಲ್ಲಿನ ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕಾಗುತ್ತದೆ. ಪುಣೆಗೂ ಇದೇ ಪರಿಷತ್ತು. ಗೋವೆಯಲ್ಲಿ ದುಡಿಯುವವರಿಗೆ ಅಲ್ಲಿನದೇ ಬೇರೆ ಪರಿಷತ್ತಿದೆ. ಭಾರತೀಯ ಅರಿವಳಿಕೆ ತಜ್ಞರ ಸಂಘದ ಸ್ಥಳೀಯ ಶಾಖೆಯ ಸದಸ್ಯರಾಗುವುದೂ ಒಳ್ಳೆಯದು, ಏಕೆಂದರೆ ಯಾವ ನರ್ಸಿಂಗ್ ಹೋಮ್‌ನಲ್ಲಿ ಯಂತ್ರ ಸರಿಯಿದೆ, ಯಾರು ಹಣವನ್ನು ಸಕಾಲಕ್ಕೆ ಕೊಡುತ್ತಾರೆ ಎಂಬುದು ತಿಳಿಯುವುದು ಅಲ್ಲಿನ ಹಿರಿಯರ ಮಾತಿನಿಂದಲೇ.

ಒಪ್ಪಂದಗಳಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ: ಕಾಯಂ ತಜ್ಞರು ರಜೆಯ ಮೇಲಿರುವಾಗ ತಿಂಗಳ ಲೆಕ್ಕದಲ್ಲಿ ಅವರ ಜಾಗ ತುಂಬುವುದು, ದಿನದ ಲೆಕ್ಕದಲ್ಲಿ ದುಡಿಯುವುದು, ಮತ್ತು ಕೇಸ್‌ಗೆ ಇಷ್ಟು ಎಂದು ಪಡೆಯುವುದು. ಮೂರನೆಯದು ಹೆಚ್ಚು ಲಾಭದಾಯಕವಾಗಿ ಕಂಡರೂ ನನಗೆ ಅದರ ಬಗ್ಗೆ ಅಳುಕಿದೆ. ಶಸ್ತ್ರಕ್ರಿಯೆ ನಡೆದರೆ ಮಾತ್ರ ಹಣ ಎಂಬ ಏರ್ಪಾಡಿನಲ್ಲಿ, ಹಿಂದಿನ ರಾತ್ರಿಯಿಂದ ಕೆಮ್ಮುತ್ತಿರುವ ಮಗುವಿನ ಹರ್ನಿಯಾ ಶಸ್ತ್ರಕ್ರಿಯೆಯನ್ನು ಮುಂದೂಡಿದ ವೈದ್ಯರು, ರೋಗಿಗೆ ಒಳ್ಳೆಯದನ್ನೇ ಮಾಡಿಯೂ, ಬರಿಗೈಯಲ್ಲಿ ಮನೆಗೆ ಹೋಗುತ್ತಾರೆ. ಆದ್ದರಿಂದ ಅರಿವಳಿಕೆ ಪೂರ್ವ ತಪಾಸಣೆಗೆ ಪ್ರತ್ಯೇಕ ಶುಲ್ಕವಿರಬೇಕು, ಮತ್ತು ವೈದ್ಯಕೀಯ ಕಾರಣಕ್ಕೆ ಕೇಸ್ ಮುಂದೂಡಿದರೂ ಆ ಶುಲ್ಕ ಸಲ್ಲಬೇಕು ಎಂದು ಕಾಗದದಲ್ಲಿ ಬರೆಸಿಕೊಳ್ಳಬೇಕು. ಅರಿವಳಿಕೆ ಕೊಡುವ, ಮುಂದೂಡುವ ಅಥವಾ ನಿರಾಕರಿಸುವ ಅಂತಿಮ ನಿರ್ಧಾರ ಅರಿವಳಿಕೆ ತಜ್ಞರದೇ ಎಂಬ ಒಂದು ಸಾಲು, ಏಕಕಾಲಕ್ಕೆ ಎರಡು ಒಟಿಗಳಲ್ಲಿ ಕೇಸ್ ನೋಡುವಂತೆ ಕೇಳಬಾರದು ಎಂಬ ಇನ್ನೊಂದು ಸಾಲು, ಇವೆರಡೂ ಇಲ್ಲದ ಒಪ್ಪಂದಕ್ಕೆ ಸಹಿ ಹಾಕದಿರುವುದೇ ಲೇಸು. ಶಸ್ತ್ರವೈದ್ಯರ ಶುಲ್ಕದಲ್ಲಿ ಇಂತಿಷ್ಟು ಪಾಲು ಎಂಬ ಹಳೆಯ ರೂಢಿಯನ್ನು ಒಪ್ಪದೆ ಸ್ವತಂತ್ರ ದರವನ್ನು ಕೇಳಬೇಕು. ಕ್ಯಾಶ್‌ಲೆಸ್ ವಿಮೆಯ ಹಣ ಆಸ್ಪತ್ರೆಗೆ ಯಾವಾಗ ಬಂದರೂ ತಮ್ಮ ಬಿಲ್ ನಿಗದಿತ ದಿನದೊಳಗೆ ಪಾವತಿಯಾಗಬೇಕು ಎಂಬುದನ್ನೂ ಸೇರಿಸಬೇಕು.

ಸಹಿ ಹಾಕುವ ಮೊದಲು ಒಮ್ಮೆ ಒಟಿಯನ್ನು ಕಣ್ಣಾರೆ ನೋಡಿ ಬರಬೇಕು. 1949ರ ನರ್ಸಿಂಗ್ ಹೋಮ್ಸ್ ನೋಂದಣಿ ಕಾಯ್ದೆಯಡಿ ಪಡೆದ ಪ್ರಮಾಣಪತ್ರ ಚಾಲ್ತಿಯಲ್ಲಿದೆಯೇ ಎಂದು ಕೇಳುವುದಕ್ಕೆ ಸಂಕೋಚ ಬೇಡ. ಕ್ಯಾಪ್ನೋಗ್ರಾಫ್ (ಹೊರಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡ್ ಅಳೆಯುವ ಸಾಧನ), ಡಿಫಿಬ್ರಿಲೇಟರ್ (ಲಯ ತಪ್ಪಿದ ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಯಂತ್ರ), ಬ್ಯಾಟರಿಯ ಮೇಲೂ ನಡೆಯುವ ಮಾನಿಟರ್ ಇವೆಯೇ, ವಿದ್ಯುತ್ ಹೋದರೆ ಜನರೇಟರ್ ತಾನಾಗಿಯೇ ಹತ್ತುತ್ತದೆಯೇ, ಅಥವಾ ಅದನ್ನು ಹಚ್ಚಲು ಯಾರಾದರೂ ಕೆಳಗೆ ಓಡಬೇಕೇ, ರಕ್ತ ಎಲ್ಲಿಂದ ಬರುತ್ತದೆ, ಹತ್ತಿರದ ಐಸಿಯು ಎಷ್ಟು ದೂರದಲ್ಲಿದೆ ಎಂಬುದನ್ನೆಲ್ಲ ಅಂದೇ ತಿಳಿಯಬೇಕು. ಮಾರ್ಫೀನ್, ಫೆಂಟನಿಲ್‌ಗಳು ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಬರುವುದರಿಂದ ಅವುಗಳ ದಾಸ್ತಾನು ಮತ್ತು ರಿಜಿಸ್ಟರ್ ಆಸ್ಪತ್ರೆಯ ಹೊಣೆಯಾಗಿರಬೇಕು. ಅವನ್ನು ಸ್ವಂತ ಬ್ಯಾಗಿನಲ್ಲಿಟ್ಟುಕೊಂಡು ಲೋಕಲ್ ರೈಲಿನಲ್ಲಿ ಓಡಾಡುವುದು ಕಾನೂನಿನ ದೃಷ್ಟಿಯಿಂದ ಅಪಾಯಕರ.

ಕೆಲಸದ ದಿನ ಮೊದಲ ರೋಗಿಯನ್ನು ಒಳಗೆ ಕರೆತರುವ ಕನಿಷ್ಠ ಅರ್ಧ ಗಂಟೆ ಮೊದಲೇ ಒಟಿಯಲ್ಲಿರಬೇಕು. ‘ಎಲ್ಲ ಚೆಕ್ ಆಗಿದೆ’ ಎಂದು ತಂತ್ರಜ್ಞರು ಹೇಳಿದರೂ ಸಿಲಿಂಡರ್‌ನ ಮಾಪಕವನ್ನು ತಾವೇ ಓದಬೇಕು. ಬಿ-ಟೈಪ್ ಸಿಲಿಂಡರ್ ತುಂಬಿದ್ದಾಗ ಸುಮಾರು 1,500 ಲೀಟರ್ ಆಮ್ಲಜನಕ ಕೊಡುತ್ತದೆ. ಮುಳ್ಳು ಅರ್ಧಕ್ಕಿಳಿದಿದ್ದರೆ ಉಳಿದಿರುವುದು 750 ಲೀಟರ್, ಅಂದರೆ ನಿಮಿಷಕ್ಕೆ 8 ಲೀಟರ್ ಹರಿಸಿದರೆ ಒಂದೂವರೆ ಗಂಟೆ. ಉಸಿರಾಟದ ಕೊಳವೆಗಳ ಸರ್ಕ್ಯೂಟಿನ ತುದಿಯನ್ನು ಮುಚ್ಚಿ, ಹೆಚ್ಚಿನ ಒತ್ತಡವನ್ನು ಹೊರಬಿಡುವ ಎಪಿಎಲ್ ವಾಲ್ವ್ ಬಿಗಿಮಾಡಿ 30 ಸೆಂ.ಮೀ. ನೀರಿನ ಒತ್ತಡ ತುಂಬಿದರೆ ಅದು 10 ಸೆಕೆಂಡ್ ಕದಲದೆ ನಿಲ್ಲಬೇಕು. ಆಮ್ಲಜನಕವನ್ನು ನಿಲ್ಲಿಸಿದಾಗ ನೈಟ್ರಸ್ ಆಕ್ಸೈಡ್ ಕೂಡ ನಿಲ್ಲುತ್ತದೆಯೇ, ಅಲಾರಂ ಕೂಗುತ್ತದೆಯೇ ಎಂದು ನೋಡಬೇಕು. ಯಂತ್ರ ಎಷ್ಟೇ ಹೊಸದಾಗಿದ್ದರೂ ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್ ಮತ್ತು ಬಾಯಿ, ಗಂಟಲಿನ ದ್ರವ ಹೀರುವ ಸಕ್ಷನ್ ಕೈಗೆಟಕುವಲ್ಲಿರಲಿ. ಉಸಿರುನಾಳಕ್ಕೆ ಕೊಳವೆ ಹಾಕಲು ನೆರವಾಗುವ ವಿಡಿಯೋ ಲ್ಯಾರಿಂಗೋಸ್ಕೋಪ್ ಮತ್ತು ಬೂಜಿ, ಗಂಟಲೊಳಗೆ ಕೂರಿಸುವ ಎಲ್ಲ ಅಳತೆಯ ಎಲ್‌ಎಂಎ ಮತ್ತು ಚಿಕ್ಕ ಮಕ್ಕಳ ಮಾಸ್ಕ್‌ಗಳನ್ನು ಮಾತ್ರ ಸ್ವಂತಕ್ಕೆ ಇಟ್ಟುಕೊಳ್ಳುವುದು ವಾಸಿ, ಏಕೆಂದರೆ ಅಪರಿಚಿತ ಬೀರುವಿನಲ್ಲಿ ಅವು ಬೇಕಾದ ಗಳಿಗೆಯಲ್ಲಿ ಸಿಗುವುದಿಲ್ಲ.

ಔಷಧಿಗಳ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ವಿಶೇಷವಾಗಿ ಹೇಳಬೇಕಾಗಿದೆ. ಸ್ಪೈನಲ್‌ಗೆ ಬಳಸುವ (ಬೆನ್ನಿಗೆ ಕೊಡುವ ಅರಿವಳಿಕೆಗೆ) ಬುಪಿವಕೇನ್‌ನ ಗಾಜಿನ ಆಂಪೂಲ್ ಮತ್ತು ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಮ್ಲದ ಆಂಪೂಲ್ ಕೆಲವು ತಯಾರಿಕೆಗಳಲ್ಲಿ ಒಂದೇ ಬಗೆಯಾಗಿ ಕಾಣುತ್ತವೆ. ಎರಡನೆಯದು ತಪ್ಪಿ ಬೆನ್ನುಹುರಿಯ ದ್ರವಕ್ಕೆ ಸೇರಿದರೆ ಸೆಳವು ಬಂದು ಪ್ರಾಣವೇ ಹೋಗಬಹುದು. ತಮಗೆ ಪರಿಚಯವಿಲ್ಲದ ಟ್ರಾಲಿಯಲ್ಲಿ ಯಾವುದು ಎಲ್ಲಿದೆ ಎಂಬ ಅಭ್ಯಾಸಬಲ ಇರುವುದಿಲ್ಲವಾದ್ದರಿಂದ, ಆಂಪೂಲ್ ಮೇಲಿನ ಹೆಸರನ್ನು ತಾವೇ ಗಟ್ಟಿಯಾಗಿ ಓದಿ, ತಾವೇ ಸಿರಿಂಜ್‌ಗೆ ತುಂಬಿ, ತಾವೇ ಲೇಬಲ್ ಅಂಟಿಸಬೇಕು. ನರಗಳ ಬ್ಲಾಕ್ (ನರದ ಸುತ್ತ ಮದ್ದು ಚುಚ್ಚಿ ಆ ಭಾಗವನ್ನಷ್ಟೇ ಮರಗಟ್ಟಿಸುವುದು) ಮಾಡುವವರು, ಆ ಮದ್ದಿನ ವಿಷಪರಿಣಾಮಕ್ಕೆ ಚಿಕಿತ್ಸೆಯಾದ ಶೇಕಡಾ 20ರ ಲಿಪಿಡ್ ಎಮಲ್ಷನ್ ಇಲ್ಲದ ಕಡೆ ಸೂಜಿ ಎತ್ತಬಾರದು.

ರೋಗಿಯೊಡನೆ ಮಾತಾಡುವಷ್ಟು ಮರಾಠಿ ಮತ್ತು ಹಿಂದಿ ಬೇಕೇ ಬೇಕು. ‘ಏನೂ ತಿಂದಿಲ್ಲ’ ಎನ್ನುವವರು ಬೆಳಿಗ್ಗೆ ಹಾಲು ಹಾಕಿದ ಚಹಾ ಕುಡಿದಿರುತ್ತಾರೆ. ಅರಿವಳಿಕೆಗೆ ಮುನ್ನ ಹೊಟ್ಟೆ ಖಾಲಿಯಿರಬೇಕು; ನೀರಿಗೆ 2 ಗಂಟೆ ಸಾಕಾದರೂ ಹಾಲಿನ ಚಹಾಕ್ಕೆ 6 ಗಂಟೆ ಕಾಯಬೇಕಾಗುವುದರಿಂದ, ‘ಚಹಾ ಘೇತಲಾ ಕಾ?’ (ಚಹಾ ಕುಡಿದಿರಾ?) ಎಂದು ಬೇರೆಯಾಗಿಯೇ ಕೇಳಬೇಕು. ಅರಿವಳಿಕೆಗೆ ಪ್ರತ್ಯೇಕ ಸಮ್ಮತಿ ಪತ್ರವನ್ನು ರೋಗಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಿ ಸಹಿ ಪಡೆಯಬೇಕು.

ಮುಂಬಯಿಯಲ್ಲಿ ದಿನಚರಿಯನ್ನು ನಿರ್ಧರಿಸುವುದು ರೈಲು ಮಾರ್ಗ. ಘಾಟ್‌ಕೋಪರ್, ಮುಲುಂಡ್, ಠಾಣೆ ಹೀಗೆ ಒಂದೇ ಮಾರ್ಗದ ಆಸ್ಪತ್ರೆಗಳನ್ನು ಆರಿಸಿಕೊಳ್ಳಬೇಕು. ಬೆಳಿಗ್ಗೆ ಬೋರಿವಲಿ, ಮಧ್ಯಾಹ್ನ ಬೇರೆ ಮಾರ್ಗದ ಕಲ್ಯಾಣ ಎಂದು ಒಪ್ಪಿಕೊಂಡವರು ಮೊದಲ ರೋಗಿ ಪೂರ್ಣವಾಗಿ ಎಚ್ಚರಗೊಳ್ಳುವ ಮುನ್ನವೇ ಗಡಿಯಾರ ನೋಡತೊಡಗುತ್ತಾರೆ. ರೋಗಿ ತನ್ನ ಉಸಿರಾಟವನ್ನು ತಾನೇ ಕಾಪಾಡಿಕೊಳ್ಳುವವರೆಗೆ ಹೊರಡಬಾರದು. ಹೊರಡುವಾಗ ರಿಕವರಿ ಕೋಣೆಯಲ್ಲಿ ರೋಗಿಯನ್ನು ನೋಡಿಕೊಳ್ಳುವ ದಾದಿಯ ಹೆಸರನ್ನು ದಾಖಲೆಯಲ್ಲಿ ಬರೆದು, ಏನಾದರೆ ಯಾರನ್ನು ಕರೆಯಬೇಕೆಂದು ತಿಳಿಸಬೇಕು. ಮಳೆಗಾಲದಲ್ಲಿ ಸಾಯನ್, ಕುರ್ಲಾಗಳಲ್ಲಿ ಹಳಿ ಮುಳುಗಿದರೆ ತುರ್ತು ಸಿಸೇರಿಯನ್‌ಗೆ ತಲುಪುವುದು ಅಸಾಧ್ಯವಾಗುತ್ತದೆಯಾದ್ದರಿಂದ, ರಾತ್ರಿಯ ಕರೆಗಳನ್ನು ನಡೆದೋ ರಿಕ್ಷಾದಲ್ಲೋ ಹೋಗಬಹುದಾದ ಆಸ್ಪತ್ರೆಗಳಿಗೆ ಮಾತ್ರ ಒಪ್ಪಿಕೊಳ್ಳಬೇಕು.

ಹಣದ ಲೆಕ್ಕ ಸರಳ. ವೃತ್ತಿಪರ ಶುಲ್ಕದಿಂದ ಆಸ್ಪತ್ರೆ ಸಾಮಾನ್ಯವಾಗಿ ಶೇಕಡಾ 10ರಷ್ಟು ತೆರಿಗೆಯನ್ನು ಮೂಲದಲ್ಲೇ ಕಡಿಯುತ್ತದೆ. ಅದು ತಮ್ಮ ಪ್ಯಾನ್ ಖಾತೆಗೆ ಜಮೆಯಾಗಿದೆಯೇ ಎಂದು ಮೂರು ತಿಂಗಳಿಗೊಮ್ಮೆ ನೋಡಿದರೆ ಸಾಕು. ಮಹಾರಾಷ್ಟ್ರದ ವೃತ್ತಿ ತೆರಿಗೆ ವರ್ಷಕ್ಕೆ 2,500 ರೂಪಾಯಿ.

ವಿಮೆಯ ಮಾತು ಇಷ್ಟು ಸರಳವಲ್ಲ. 1995ರಲ್ಲಿ ಸುಪ್ರೀಂ ಕೋರ್ಟ್ ವಿ.ಪಿ. ಶಾಂತಾ ಪ್ರಕರಣದಲ್ಲಿ ವೈದ್ಯಕೀಯ ಸೇವೆಯನ್ನು ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ತಂದಿತು. ದೂರು ಬಂದಾಗ ಆಸ್ಪತ್ರೆಯ ಪಾಲಿಸಿ ಹೊರಗಿನಿಂದ ಬಂದ ವೈದ್ಯರನ್ನು ಕಾಯುತ್ತದೆ ಎಂಬ ಭರವಸೆಯಿಲ್ಲ. ಆದ್ದರಿಂದ ವೃತ್ತಿ ಹೊಣೆಗಾರಿಕೆಯ ವಿಮೆ ಸ್ವಂತ ಹೆಸರಿನಲ್ಲಿರಬೇಕು. ಗ್ರಾಹಕ ಆಯೋಗಕ್ಕೆ ದೂರು ಕೊಡಲು 2 ವರ್ಷದ ಕಾಲಾವಕಾಶವಿದೆ, ಮತ್ತು ಇಂತಹ ಪಾಲಿಸಿಗಳು ಸಾಮಾನ್ಯವಾಗಿ ದೂರು ಬಂದ ದಿನ ಚಾಲ್ತಿಯಲ್ಲಿದ್ದರೆ ಮಾತ್ರ ನೆರವಿಗೆ ಬರುತ್ತವೆ. ಒಪ್ಪಂದ ಮುಗಿಸಿ ಊರಿಗೆ ಮರಳಿದವರೂ, ಕಾಯಂ ಹುದ್ದೆಗೆ ಸೇರಿದವರೂ, ಹಳೆಯ ಪಾಲಿಸಿಯನ್ನು ಅದರ ಪೂರ್ವಾನ್ವಯ ದಿನಾಂಕ (ಯಾವ ದಿನದಿಂದೀಚಿನ ಕೆಲಸಕ್ಕೆ ರಕ್ಷಣೆಯಿದೆಯೋ ಆ ದಿನ) ತುಂಡಾಗದಂತೆ ನವೀಕರಿಸುತ್ತಿರಬೇಕು. ಜೊತೆಗೆ ಒಪ್ಪಂದದ ಪ್ರತಿ, ಬಿಲ್‌ಗಳು ಮತ್ತು ಮುಂದೂಡಿದ ಕೇಸ್‌ಗಳ ಕಾರಣ ಬರೆದ ಟಿಪ್ಪಣಿಗಳನ್ನು ಆ ಅವಧಿ ಕಳೆಯುವವರೆಗೂ ಕಾಪಾಡಿಕೊಳ್ಳಬೇಕು.