ಕಡಿವಾಣದ ಗುರುತು: ಹಳೇ ಕುದುರೆಯ ಹಲ್ಲು ಹಿಡಿದು ನೋಡುವ ಬಗೆ

ಉತ್ಖನನದಲ್ಲಿ ಕುದುರೆಯ ಎಲುಬು ಸಿಕ್ಕಿತು ಅಂದರೆ ಎಲ್ಲರೂ ಕೇಳುವುದು ಒಂದೇ: "ಇದರ ಮೇಲೆ ಸವಾರಿ ಮಾಡ್ತಿದ್ರಾ, ಇಲ್ಲಾ ಬೇಟೆಯಾಡಿ ತಿಂದ್ರಾ?" ಪೂರ್ತಿ ತಲೆಬುರುಡೆ ಇದ್ದರೆ ಅದೃಷ್ಟ. ನನ್ನ ಮೇಜಿಗೆ ಬರುವುದು ಹೆಚ್ಚಾಗಿ ಮಣ್ಣು ಮೆತ್ತಿದ ಬಿಡಿ ಹಲ್ಲು. ಅದು ಸರಿಯಾದ ಹಲ್ಲಾಗಿದ್ದರೆ ಕೆಲಸ ಶುರು ಮಾಡಬಹುದು.

ಸರಿಯಾದ ಹಲ್ಲು ಅಂದರೆ ಕೆಳದವಡೆಯ ಅರೆಯುವ ಹಲ್ಲುಗಳಲ್ಲಿ ಎಲ್ಲಕ್ಕಿಂತ ಮುಂದಿನದು. ನಾವು ಅದನ್ನು ಪಿ2 ಅಂತ ಬರೆದುಕೊಳ್ಳುತ್ತೇವೆ. ನಡುವಿನ ಅರೆಯುವ ಹಲ್ಲುಗಳು ಚೌಕಾಕಾರ, ಇದು ಮುಂದಕ್ಕೆ ಚೂಪಾಗುತ್ತಾ ತ್ರಿಕೋನದ ಹಾಗೆ ಕಾಣುತ್ತದೆ. ಕುದುರೆಯ ಬಾಯಲ್ಲಿ ಬಾಚಿಹಲ್ಲಿಗೂ ಈ ಹಲ್ಲಿಗೂ ನಡುವೆ ಖಾಲಿ ಒಸಡು ಇರುತ್ತದೆ. ಕಡಿವಾಣ ಕೂರುವುದು ಅಲ್ಲೇ. ಕಿರಿಕಿರಿಯಾದಾಗ ಕುದುರೆ ಅದನ್ನು ನಾಲಿಗೆಯಿಂದ ಎತ್ತಿ ಹಿಂದಕ್ಕೆ ತಳ್ಳಿ, ಹಲ್ಲಿನ ಮಧ್ಯೆ ಕಚ್ಚಿ ಹಿಡಿಯುತ್ತದೆ. ಹಾಗೆ ಕಚ್ಚೀ ಕಚ್ಚೀ ಪಿ2ನ ಮುಂದಿನ ಮೂಲೆ ಸವೆಯುತ್ತದೆ.

ಮೊದಲು ಹಲ್ಲು ತೊಳೆಯಿರಿ. ಮೆತ್ತನೆ ಬ್ರಷ್, ನೀರು, ತಾಳ್ಮೆ. ಸೂಜಿ, ತಂತಿ ಬ್ರಷ್ ಬೇಡವೇ ಬೇಡ. ನಾವೇ ಗೀರು ಹಾಕಿ ಆಮೇಲೆ ಅದನ್ನೇ ಕಡಿವಾಣದ ಗುರುತು ಅಂದುಕೊಳ್ಳುವ ಅಪಾಯ ಇದೆ. ಪಕ್ಕದ ಹಲ್ಲುಗಳೂ ಸಿಕ್ಕಿದ್ದರೆ ಕುದುರೆಯೋ ಕತ್ತೆಯೋ ನೋಡಿಕೊಳ್ಳಿ. ಅರೆಯುವ ಮೇಲ್ಮೈಯಲ್ಲಿ ನಾಲಿಗೆಯ ಕಡೆ ಎನಾಮೆಲ್‌ನ (ಹಲ್ಲಿನ ಗಟ್ಟಿ ಬಿಳಿ ಪದರದ) ಎರಡು ಮಡಿಕೆಗಳ ನಡುವೆ ಒಂದು ತಗ್ಗು ಇರುತ್ತದೆ. ಅದು ಇಂಗ್ಲಿಷಿನ ಯು ಆಕಾರದಲ್ಲಿದ್ದರೆ ಸಾಮಾನ್ಯವಾಗಿ ಕುದುರೆ, ವಿ ಆಕಾರದಲ್ಲಿದ್ದರೆ ಕತ್ತೆ.

ಇನ್ನು ವಯಸ್ಸು. ಇಲ್ಲೇ ನಾನು ಒಮ್ಮೆ ಚೆನ್ನಾಗಿ ಎಡವಿದ್ದೆ. ಪಿ2 ಒಂದರ ಮುಂದಿನ ಮೂಲೆ ಇಳಿಜಾರಾಗಿತ್ತು. ಖುಷಿಯಲ್ಲಿ ಚೀಟಿ ಮೇಲೆ "ಕಡಿವಾಣ" ಅಂತ ಬರೆದೇ ಬಿಟ್ಟೆ. ನನಗೆ ಕೆಲಸ ಕಲಿಸುತ್ತಿದ್ದವರು ಹಲ್ಲನ್ನು ತಿರುಗಿಸಿ ನೋಡಿ, "ಅಲ್ಲಮ್ಮಾ, ಇದು ಇನ್ನೂ ಸರಿಯಾಗಿ ಅರೆಯೋಕೇ ಶುರು ಮಾಡಿಲ್ಲ" ಅಂದರು. ಈ ಶಾಶ್ವತ ಹಲ್ಲು ಮೂಡುವುದು ಸುಮಾರು ಎರಡೂವರೆ ವರ್ಷಕ್ಕೆ. ಹೊಸದರಲ್ಲಿ ಅದರ ಮೇಲ್ಮೈ ಹೇಗೂ ಉಬ್ಬುತಗ್ಗೇ. ಆದ್ದರಿಂದ ಮೂರು ವರ್ಷದೊಳಗಿನ ಪ್ರಾಣಿಯನ್ನು ಲೆಕ್ಕಕ್ಕೇ ಹಿಡಿಯಬೇಡಿ. ಬಾಚಿಹಲ್ಲು ಇದ್ದರೆ ವಯಸ್ಸು ಹೇಳುವುದು ಸುಲಭ: ಶಾಶ್ವತ ಜೋಡಿಗಳು ಸುಮಾರು ಎರಡೂವರೆ, ಮೂರೂವರೆ, ನಾಲ್ಕೂವರೆ ವರ್ಷಕ್ಕೆ ಒಂದೊಂದಾಗಿ ಬರುತ್ತವೆ. ಇಲ್ಲದಿದ್ದರೆ ಹಲ್ಲಿನ ಎತ್ತರ ಅಳೆಯಿರಿ. ಕುದುರೆಯ ಅರೆಯುವ ಹಲ್ಲು ವರ್ಷಕ್ಕೆ 2–3 ಮಿ.ಮೀ. ಸವೆಯುತ್ತದೆ.

ಈಗ ಅಳತೆ. ಹಲ್ಲಿನ ಸಮತಟ್ಟು ಭಾಗದ ಮೇಲೆ ಸಣ್ಣ ಲೋಹದ ಸ್ಕೇಲ್ ಇಟ್ಟು ಮುಂದಕ್ಕೆ ಚಾಚಿ. ಸ್ಕೇಲಿನಿಂದ ಮುಂದಿನ ಮೂಲೆ ಎಷ್ಟು ಕೆಳಗಿದೆ ಅಂತ ಕ್ಯಾಲಿಪರ್ಸ್‌ನಲ್ಲಿ ನೋಡಿ. ಪುರಾತತ್ವಜ್ಞರಾದ ಡೇವಿಡ್ ಆಂಥನಿ ಮತ್ತು ಡಾರ್ಕಸ್ ಬ್ರೌನ್ ದಂಪತಿ ಹಾಕಿಕೊಟ್ಟ ಗೆರೆ 3 ಮಿ.ಮೀ. ಅದಕ್ಕೆ ಮುಟ್ಟಿದರೆ ಅಥವಾ ದಾಟಿದರೆ ಕಡಿವಾಣದ ಅನುಮಾನ ಗಟ್ಟಿ. ಹಗ್ಗ, ಚರ್ಮದಂಥ ಮೆತ್ತನೆ ಕಡಿವಾಣ ಹಲ್ಲು ಸವೆಸುತ್ತದಾ ಅಂತ ಅವರು ನಾಲ್ಕು ಕುದುರೆಗಳ ಮೇಲೆ ತಲಾ 150 ಗಂಟೆ ಸವಾರಿ ಮಾಡಿಸಿ ನೋಡಿದ್ದರು. ಸವೆಸುತ್ತದೆ! ಇಂಥ ಪ್ರಯೋಗ ಅಂದರೆ ನನಗೆ ಪ್ರಾಣ.

ಅಳತೆ ಒಂದನ್ನೇ ನಂಬಬೇಡಿ. ಮೇಲಿನ ಹಲ್ಲು ಮುಂದಕ್ಕೆ ಚಾಚಿಕೊಂಡು ಕೂತಿದ್ದರೂ ಕೆಳಗಿನದರ ಮೂಲೆ ವಿಚಿತ್ರವಾಗಿ ಸವೆಯುತ್ತದೆ. ಅದಕ್ಕೇ ಹಲ್ಲಿನ ಮುಂದಿನ ಮುಖವನ್ನು ಓರೆ ಬೆಳಕಿನಲ್ಲಿ ಹಿಡಿಯಿರಿ. ಹೊರಗಿನ ಸಿಮೆಂಟಂ ಪದರ ಹೋಗಿ, ಒಳಗಿನ ಎನಾಮೆಲ್ ಅಥವಾ ಅದಕ್ಕೂ ಒಳಗಿನ ಡೆಂಟೀನ್ ಪಟ್ಟಿಯ ಹಾಗೆ ಕಾಣುತ್ತಿದೆಯಾ? ಪಟ್ಟಿಯ ಎರಡೂ ಅಂಚು ನೇರವಾಗಿದ್ದು, ಎತ್ತರ 5 ಮಿ.ಮೀ.ಗಿಂತ ಜಾಸ್ತಿ ಇದ್ದರೆ ಅದು ಒಳ್ಳೆಯ ಸಾಕ್ಷಿ. 2007ರಲ್ಲಿ ಪುರಾತತ್ವಜ್ಞ ರಾಬಿನ್ ಬೆಂಡ್ರಿ ತೋರಿಸಿದ ದಾರಿ ಇದು. ದವಡೆ ಉಳಿದಿದ್ದರೆ ಹಲ್ಲಿಲ್ಲದ ಜಾಗದ ಎಲುಬಿನ ಮೇಲೆ ಬೆರಳಾಡಿಸಿ. ಕಡಿವಾಣ ಒತ್ತಿದ ಕಡೆ ಹೊಸ ಎಲುಬು ಒರಟಾಗಿ ಬೆಳೆದಿರಬಹುದು.

ಗುರುತು ಕಾಣಲಿಲ್ಲ ಅಂದರೆ ಸವಾರಿಯೇ ಇರಲಿಲ್ಲ ಅಂತಲ್ಲ. ಮೂಗಿಗೆ ಪಟ್ಟಿ ಕಟ್ಟಿಯೂ ಕುದುರೆ ಓಡಿಸಬಹುದು. ಕಂಡಿತು ಅಂದ ಮಾತ್ರಕ್ಕೆ ಜಗಳ ಮುಗಿಯುವುದೂ ಇಲ್ಲ. ಕಜಕಸ್ತಾನದ ಬೋಟೈ ನೋಡಿ, ಸುಮಾರು ಕ್ರಿ.ಪೂ. 3500ರ ನೆಲೆ. 2009ರಲ್ಲಿ ಅಲ್ಲಿನ ಹಲ್ಲಲ್ಲಿ ಕಡಿವಾಣದ ಗುರುತು, ಮಡಕೆಗಳಲ್ಲಿ ಕುದುರೆ ಹಾಲಿನ ಕೊಬ್ಬು ಇದೆ ಅಂತ ಸಂಶೋಧಕರು ಹೇಳಿದರು. 2021ರಲ್ಲಿ ಬೇರೆ ಇಬ್ಬರು ಸಂಶೋಧಕರು, ವಿಲಿಯಂ ಟೇಲರ್ ಮತ್ತು ಕ್ರಿಶ್ಚಿಯನ್ ಬ್ಯಾರನ್-ಓರ್ಟಿಜ್ ಅಂಥದ್ದೇ ಸವೆತವನ್ನು ಹಿಮಯುಗದ ಕಾಡುಕುದುರೆಗಳಲ್ಲೂ ತೋರಿಸಿದರು. ಆ ಕುದುರೆಗಳ ಬಾಯಿಗೆ ಯಾರು ಕಡಿವಾಣ ಹಾಕಿರುತ್ತಾರೆ, ಹೇಳಿ? ಅದೇ ವರ್ಷದ ಒಂದು ಡಿಎನ್‌ಎ ಅಧ್ಯಯನವಂತೂ ಇವತ್ತಿನ ಸಾಕುಕುದುರೆಗಳ ಮೂಲವನ್ನು ಬೋಟೈ ಬಿಟ್ಟು ರಷ್ಯಾದ ವೋಲ್ಗಾ–ಡಾನ್ ನದಿಗಳ ಹುಲ್ಲುಗಾವಲಿಗೆ ಒಯ್ದಿತು.

ಕೊನೆಗೆ ಕಾಲ. ಉಕ್ರೇನಿನ ದೆರೈವ್ಕಾದಲ್ಲಿ ಸಿಕ್ಕ ಗಂಡುಕುದುರೆಯ ಹಲ್ಲಲ್ಲಿ ಕಡಿವಾಣದ ಗುರುತು ಸ್ಪಷ್ಟವಾಗಿತ್ತು. ಆರು ಸಾವಿರ ವರ್ಷ ಹಳೆಯದು ಅಂದುಕೊಂಡು ಅದನ್ನು ಮೊದಲ ಸವಾರಿಯ ಸಾಕ್ಷಿ ಅಂತ ಕೊಂಡಾಡಿದ್ದರು. ನೇರವಾಗಿ ಆ ಕುದುರೆಯ ಎಲುಬನ್ನೇ ಕಾಲ ಪತ್ತೆ ಮಾಡುವ ರೇಡಿಯೋಕಾರ್ಬನ್ ಪರೀಕ್ಷೆಗೆ ಹಾಕಿದಾಗ ಅದು ಕಬ್ಬಿಣ ಯುಗದ್ದು ಅಂತ ಗೊತ್ತಾಯಿತು. ಯಾವಾಗಲೋ ಮೇಲಿನಿಂದ ಗುಂಡಿ ತೋಡಿ ಹಳೇ ಪದರದಲ್ಲಿ ಹೂತಿದ್ದರು. ಆಂಥನಿ ಮತ್ತು ಬ್ರೌನ್ ತಾವೇ ತಮ್ಮ ಮಾತು ವಾಪಸ್ ತೆಗೆದುಕೊಂಡರು.

ಹಾಗಾಗಿ ಅಕ್ಕಪಕ್ಕದ ಇದ್ದಿಲಿನ ಕಾಲವನ್ನು ಹಲ್ಲಿಗೆ ಅಂಟಿಸಬೇಡಿ, ಹಲ್ಲಿನಿಂದಲೇ ಮಾದರಿ ಕಳಿಸಿ. ಮಾದರಿ ಕೊರೆಯುವ ಮೊದಲು ಎಲ್ಲಾ ಕಡೆಯಿಂದ ಫೋಟೋ ತೆಗೆದು, ಸಾಧ್ಯವಾದರೆ ಸಿಲಿಕೋನ್ ಅಚ್ಚೂ ತೆಗೆದಿಡಿ. ಕೊರೆಯುವವರಿಗೆ ಬೇರಿನ ಕಡೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ ಕೊಡಿ. ಸುಮ್ನೆ ಬಿಟ್ಟರೆ ಅವರು ಡ್ರಿಲ್ ಇಡುವುದು ಆ ಮುಂದಿನ ಮೂಲೆಗೇ.